ಹೇಳುವವರ ಅರ್ಹತೆ, ಕಳಿಸುವವರ ಹೊಣೆ

(ಹಿಮಾಯತ್‌ನಗರದಲ್ಲಿ ನಡೆದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



‘ಗಂಭೀರ ವಿಷಯಗಳನ್ನು ಮಾತನಾಡುವ ಆನ್‌ಲೈನ್ ಇನ್‌ಫ್ಲುಯೆನ್ಸರ್‌ಗಳಿಗೆ ವಿದ್ಯಾರ್ಹತೆ ಕಡ್ಡಾಯ ಮಾಡಬೇಕೆ?’ ಎಂಬ ವಿಷಯ ಕೊಟ್ಟು ಮಾತನಾಡಲು ಕೇಳಿದಾಗ ನಾನು ಮೊದಲು ಬೇಡ ಅಂದೆ. ನಾನು ವೈದ್ಯೆಯಲ್ಲ, ವಕೀಲೆಯೂ ಅಲ್ಲ. ಬಿ.ಕಾಂ. ಓದಿ, 31 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಎರಡು ದಿನ ಬಿಟ್ಟು ಒಪ್ಪಿಕೊಂಡೆ. ಏಕೆಂದರೆ ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ನಿಮ್ಮೆದುರು ಹೇಳಿದರೆ ನನ್ನ ಮನಸ್ಸು ಹಗುರಾಗುತ್ತದೆ, ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೂ ಬಂದೀತು.

ನನ್ನ ಅಕ್ಕ ರಾಯಚೂರಿನಲ್ಲಿದ್ದಾಳೆ. ಒಂಬತ್ತು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಗುಳಿಗೆ, ಅರ್ಧ ಗಂಟೆ ಕಾಯುವುದು, ಆಮೇಲೆ ಚಹಾ. ‘ಈ ಗುಳಿಗಿ ಕಾಟ ಯಾವಾಗ ತಪ್ತದೋ’ ಎನ್ನುತ್ತಿದ್ದಳು. ಒಂದು ದಿನ ನನ್ನ ಫೋನಿಗೆ ಒಂದು ಕನ್ನಡ ವಿಡಿಯೊ ಬಂತು. ಬಿಳಿ ಕೋಟು ಹಾಕಿದ ಒಬ್ಬರು, ಹಿಂದೆ ಪುಸ್ತಕದ ಕಪಾಟು, ಅಚ್ಚುಕಟ್ಟಾದ ಕನ್ನಡ. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದರೆ ಥೈರಾಯ್ಡ್ ಬೇರುಸಹಿತ ಹೋಗುತ್ತದೆ, ಮಾತ್ರೆ ಬಿಟ್ಟುಬಿಡಬಹುದು ಎಂದು ಹೇಳಿದರು. ನಾನು ಪೂರ್ತಿ ನೋಡಲೂ ಇಲ್ಲ. ಅಕ್ಕನಿಗೆ ಕಳಿಸಿದೆ. ನಮ್ಮ ವೇದಿಕೆಯ ವಾಟ್ಸಾಪ್ ಗುಂಪಿಗೂ ಹಾಕಿದೆ. ನಿಮ್ಮಲ್ಲಿ ನಾಲ್ಕೈದು ಜನ ಕೈಮುಗಿದ ಚಿತ್ರ ಕಳಿಸಿದ್ದು ನೆನಪಿದೆ.

ಹತ್ತು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. ‘ಗುಳಿಗಿ ಬಿಟ್ಟು ಹತ್ತು ದಿನ ಆತು ನೋಡವ್ವಾ, ಏನೂ ಆಗಿಲ್ಲ, ಆರಾಮ ಅದೀನಿ’ ಎಂದಳು. ನನಗೂ ಖುಷಿಯಾಯಿತು.

ಆ ಹತ್ತು ದಿನ ಅವಳು ಏಕೆ ಆರಾಮಾಗಿದ್ದಳು ಎಂಬುದು ನನಗೆ ಆಮೇಲೆ ವೈದ್ಯರಿಂದ ತಿಳಿಯಿತು. ಆ ಮಾತ್ರೆಯಲ್ಲಿರುವ ಹಾರ್ಮೋನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಇವತ್ತು ಬಿಟ್ಟರೆ ನಾಳೆ ಗೊತ್ತಾಗುವುದಿಲ್ಲ. ಮೊದಲ ಕೆಲವು ದಿನ ಹಳೆಯ ಮಾತ್ರೆಯೇ ಕೆಲಸ ಮಾಡುತ್ತಿರುತ್ತದೆ, ನಾವು ಕೊತ್ತಂಬರಿ ನೀರಿಗೆ ಹೆಸರು ಕೊಡುತ್ತೇವೆ. ವಿಡಿಯೊದ ಕೆಳಗೆ ‘ಒಂದೇ ವಾರದಲ್ಲಿ ಗುಣ ಕಂಡಿತು’ ಎಂದು ಬರೆದವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರಿಗೆ ಹಾಗೆಯೇ ಅನಿಸಿರಬೇಕು.

ಎರಡೂವರೆ ತಿಂಗಳಾಗುವ ಹೊತ್ತಿಗೆ ಅಕ್ಕನ ಮುಖ, ಕಾಲು ಊದಿಕೊಂಡವು. ಧ್ವನಿ ಒಡೆಯಿತು. ರಾಯಚೂರಿನ ಬೇಸಿಗೆಯಲ್ಲಿ ಹೊದ್ದುಕೊಂಡು ಮಲಗುತ್ತಿದ್ದಳು. ವಯಸ್ಸಾಯಿತು, ಅದಕ್ಕೇ ಹೀಗೆ ಎಂದುಕೊಂಡರು ಮನೆಯವರು. ಕೊನೆಗೆ ಮಗ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಸಾಮಾನ್ಯವಾಗಿ ನಾಲ್ಕೈದರೊಳಗೆ ಇರಬೇಕಾದ ಟಿಎಸ್‌ಎಚ್ ನಲವತ್ತು ದಾಟಿತ್ತು. ‘ಮಾತ್ರೆ ಬಿಡಲು ಯಾರು ಹೇಳಿದರು?’ ಎಂದು ವೈದ್ಯರು ಕೇಳಿದಾಗ ಅಕ್ಕ ಆ ಬಿಳಿ ಕೋಟಿನವರ ಹೆಸರು ಹೇಳಲಿಲ್ಲ. ‘ನಮ್ಮ ತಂಗಿ ಕಳಿಸಿದ್ಲು’ ಎಂದಳಂತೆ.

ದೇವರ ದಯೆ, ಮಾತ್ರೆ ಮತ್ತೆ ಶುರು ಮಾಡಿ ಈಗ ಸುಧಾರಿಸಿದ್ದಾಳೆ. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ. ಅಕ್ಕ ವಿಡಿಯೊದವರನ್ನು ನಂಬಿದ್ದಲ್ಲ, ನನ್ನನ್ನು ನಂಬಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಈ ನಮ್ಮ ಹಿಮಾಯತ್‌ನಗರದ ಮುಖ್ಯ ರಸ್ತೆಯಲ್ಲಿ ಲಿಬರ್ಟಿ ಚೌರಸ್ತೆಯಿಂದ ನಾರಾಯಣಗುಡದ ಕಡೆಗೆ ನಡೆದುಕೊಂಡು ಹೋಗಿ. ವೈದ್ಯರ ಬೋರ್ಡಿನ ಮೇಲೆ ಹೆಸರಿನ ಮುಂದೆ ಪದವಿ ಇರುತ್ತದೆ. ಮೆಡಿಕಲ್ ಶಾಪಿನ ಗೋಡೆಗೆ ಲೈಸೆನ್ಸನ್ನು ಫ್ರೇಮ್ ಹಾಕಿ ತೂಗುಹಾಕಿರುತ್ತಾರೆ. ಮಿಠಾಯಿ ಅಂಗಡಿಯ ಚಕ್ಕುಲಿ ಪ್ಯಾಕೆಟ್ಟಿನ ಮೇಲೂ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇರುತ್ತದೆ. ಮನೆಯಲ್ಲಿ ಹಪ್ಪಳ ಮಾಡಿ ಮಾರಬೇಕೆಂದರೂ ಆ ನೋಂದಣಿ ಬೇಕು. ಹಪ್ಪಳ ಮಾರಲು ನೋಂದಣಿ ಬೇಕು, ‘ಮಾತ್ರೆ ಬಿಡಿ’ ಎಂದು ಲಕ್ಷಾಂತರ ಜನರಿಗೆ ಹೇಳಲು ಏನೂ ಬೇಡ ಎಂದರೆ ಇದು ಯಾವ ನ್ಯಾಯ?

ಬೇರೆ ಕಡೆ ಏನು ಮಾಡಿದ್ದಾರೆ? ಚೀನಾ 2022ರ ಜೂನ್‌ನಲ್ಲೇ ಒಂದು ನಿಯಮ ತಂದಿತು. ವೈದ್ಯಕೀಯ, ಹಣಕಾಸು, ಕಾನೂನು, ಶಿಕ್ಷಣದಂಥ ವಿಷಯಗಳನ್ನು ನೇರಪ್ರಸಾರದಲ್ಲಿ ಮಾತನಾಡುವವರಿಗೆ ತಕ್ಕ ಅರ್ಹತೆ ಇರಬೇಕು ಎಂದಿತು. ನಮ್ಮಲ್ಲಿ ಅಷ್ಟು ಬಿಗಿ ಇಲ್ಲ, ಆದರೆ ಏನೂ ಇಲ್ಲ ಎಂದಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ, ಆರೋಗ್ಯದ ವಿಷಯದಲ್ಲಿ ಪ್ರಚಾರ ಮಾಡುವ ವೈದ್ಯರು, ತಜ್ಞರು ತಮ್ಮ ಅರ್ಹತೆಯನ್ನು ತಿಳಿಸಬೇಕು. ತಜ್ಞರಂತೆ ಕಾಣಿಸಿಕೊಳ್ಳುವ ಉಳಿದವರು ‘ಇದು ವೈದ್ಯರ ಸಲಹೆಗೆ ಬದಲಿಯಲ್ಲ’ ಎಂದು ಸ್ಪಷ್ಟವಾಗಿ ಹೇಳಬೇಕು. ‘ನೀರು ಚೆನ್ನಾಗಿ ಕುಡಿಯಿರಿ, ವ್ಯಾಯಾಮ ಮಾಡಿ’ ಎನ್ನುವಂಥ ಸಾಮಾನ್ಯ ಮಾತಿಗೆ ವಿನಾಯಿತಿ ಇದೆ.

ಹಣದ ವಿಷಯದಲ್ಲಿ ಸೆಬಿ ಇನ್ನೂ ಮುಂದೆ ಹೋಗಿದೆ. ಹಣ ಪಡೆದು ಹೂಡಿಕೆಯ ಸಲಹೆ ಕೊಡುವವರು ಅದರಲ್ಲಿ ನೋಂದಾಯಿಸಿಕೊಂಡಿರಬೇಕು. ಸಲಹೆಗಾರರ ಸಂಖ್ಯೆ ‘ಐಎನ್‌ಎ’ ಎಂದು, ಷೇರು ವಿಶ್ಲೇಷಕರದ್ದು ‘ಐಎನ್‌ಎಚ್’ ಎಂದು ಶುರುವಾಗುತ್ತದೆ. ‘ನಾನು ಸಲಹೆ ಕೊಡುತ್ತಿಲ್ಲ, ಪಾಠ ಮಾಡುತ್ತಿದ್ದೇನೆ’ ಎಂದು ಜಾರಿಕೊಳ್ಳುವವರಿಗೆ 2025ರ ಜನವರಿಯಲ್ಲಿ ಕಟ್ಟುಹಾಕಿತು. ಪಾಠವೇ ಆದರೆ ಮೂರು ತಿಂಗಳ ಹಿಂದಿನ ಷೇರು ಬೆಲೆ ಇಟ್ಟುಕೊಂಡು ಮಾಡಬೇಕು, ಇವತ್ತಿನ ಬೆಲೆ ತೋರಿಸಬಾರದು ಎಂದು ಆಗ ಹೇಳಿತು. ಬ್ಯಾಂಕಿನವಳಾದ ನನಗೆ ಇದು ಬಹಳ ಹಿಡಿಸಿತು. ನಿಜವಾಗಿ ಕಲಿಸುವವರಿಗೆ ಹಳೆಯ ಲೆಕ್ಕ ಸಾಕು. ಇವತ್ತಿನ ಬೆಲೆ ಬೇಕಾಗುವುದು ನಮ್ಮ ದುಡ್ಡು ಹಾಕಿಸುವವರಿಗೆ.

ಹಾಗಾದರೆ ಎಲ್ಲದಕ್ಕೂ ಪದವಿ ಕಡ್ಡಾಯ ಮಾಡಿದರೆ ಮುಗಿಯಿತೆ? ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಈ ಭಾಷಣಕ್ಕೆಂದು ಕೂತು ಯೋಚಿಸಿದಾಗ ಅಷ್ಟು ಸಲೀಸಲ್ಲ ಅನಿಸಿತು.

ನಮ್ಮ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರನ್ನು ನೋಡಿ. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಅದಕ್ಕಿಂತ ಎಷ್ಟೋ ಪಟ್ಟು ಸಕ್ಕರೆ ಇದ್ದ ಪೇಯಗಳು ಓಆರ್‌ಎಸ್ ಎಂಬ ಹೆಸರು ಅಂಟಿಸಿಕೊಂಡು ಮಾರಾಟವಾಗುತ್ತಿದ್ದವು. ಸಕ್ಕರೆ ಹೆಚ್ಚಾದರೆ ಭೇದಿ ನಿಲ್ಲುವ ಬದಲು ಹೆಚ್ಚುತ್ತದೆ. ಇವರು ಸುಮಾರು ಎಂಟು ವರ್ಷ ಪತ್ರ ಬರೆದರು, ಹೈಕೋರ್ಟಿಗೆ ಹೋದರು, ವಿಡಿಯೊ ಮಾಡಿ ತಾಯಂದಿರಿಗೆ ತಿಳಿಸಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಸೂತ್ರಕ್ಕೆ ಹೊಂದದ ಪೇಯಗಳ ಮೇಲೆ ಆ ಹೆಸರು ಹಾಕಬಾರದು ಎಂದು ಆದೇಶಿಸಿತು. ಓದಿದವರು ಫೋನಿನ ಕ್ಯಾಮೆರಾ ಮುಂದೆ ಬಂದರೆ ಎಷ್ಟು ಒಳ್ಳೆಯದಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಕಥೆ ಇದಕ್ಕೆ ಉಲ್ಟಾ. 2023ರ ಏಪ್ರಿಲ್‌ನಲ್ಲಿ ‘ಫುಡ್‌ಫಾರ್ಮರ್’ ಹೆಸರಿನಲ್ಲಿ ವಿಡಿಯೊ ಮಾಡುವ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ಮಾತನಾಡಿದರು. ಅವರು ವೈದ್ಯರಲ್ಲ, ಎಂಬಿಎ ಓದಿದವರು. ಕಂಪನಿಯ ನೋಟಿಸ್ ಬಂದು ವಿಡಿಯೊ ತೆಗೆಯಬೇಕಾಯಿತು. ಆದರೆ ಆ ವರ್ಷವೇ ಕಂಪನಿ ಸಕ್ಕರೆಯನ್ನು ಕಡಿಮೆ ಮಾಡಿತು. ಮರುವರ್ಷ ಕೇಂದ್ರ ಸರ್ಕಾರ, ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಡಬ್ಬಿಯ ಹಿಂದೆ ಬರೆದದ್ದನ್ನು ಓದಿ ಹೇಳಲು ಎಂಬಿಬಿಎಸ್ ಬೇಕೆಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಮ್ಮ ಕನ್ನಡದಲ್ಲೇ ನೋಡಿ. ಮದುವೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಡಾ. ಅನುಪಮಾ ನಿರಂಜನರ ‘ವಧುವಿಗೆ ಕಿವಿಮಾತು’ ಇತ್ತು, ಬಸುರಿಯಾದಾಗ ‘ತಾಯಿ ಮಗು’ ಬಂತು. ತಾಯಿಯನ್ನೂ ಕೇಳಲು ನಾಚುತ್ತಿದ್ದ ವಿಷಯಗಳನ್ನು ಒಬ್ಬ ವೈದ್ಯೆ ನಮ್ಮ ಭಾಷೆಯಲ್ಲಿ ಹೇಳಿದ್ದರು. ಅದು ಓದಿದವರ ಮಾತು. ಆದರೆ ನಾವೆಲ್ಲ ಮಕ್ಕಳಾಗಿದ್ದಾಗ ಬೆರಗಿನಿಂದ ತಿರುವಿಹಾಕಿದ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದವರು ಯಾರು? ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಶಿವರಾಮ ಕಾರಂತರು. ವಿಜ್ಞಾನದ ಪದವಿ ಇಲ್ಲ, ಬರೆಯಬೇಡಿ ಎಂದಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತು!

ಪದವಿ ಇದ್ದವರೆಲ್ಲ ಸರಿಯಾಗಿ ಹೇಳುತ್ತಾರೆ ಎಂಬ ಭರವಸೆಯೂ ಇಲ್ಲ. ಕೊರೊನಾ ಕಾಲದಲ್ಲಿ ತಪ್ಪು ಮಾಹಿತಿ ಹರಡಿದವರಲ್ಲಿ ಪದವೀಧರರೂ ಇದ್ದರು. ಇನ್ನು ಕೆಲವು ಕಡೆ ಪದವಿಯ ಪ್ರಶ್ನೆಯೇ ಏಳುವುದಿಲ್ಲ. 2025ರ ಮಾರ್ಚ್‌ನಲ್ಲಿ ಇದೇ ಊರಿನ ಪಂಜಾಗುಟ್ಟ ಪೊಲೀಸರು ಬೆಟ್ಟಿಂಗ್ ಆ್ಯಪ್‌ಗಳ ಪ್ರಚಾರ ಮಾಡಿದ ಆರೋಪದ ಮೇಲೆ 11 ಮಂದಿ ಇನ್‌ಫ್ಲುಯೆನ್ಸರ್‌ಗಳ ವಿರುದ್ಧ ಕೇಸು ಹಾಕಿದರು. ಅದಕ್ಕೂ ಮೊದಲೇ ಈ ಆ್ಯಪ್‌ಗಳ ವಿರುದ್ಧ ಸತತವಾಗಿ ಬರೆದು ಜನರನ್ನು ಎಚ್ಚರಿಸುತ್ತಿದ್ದವರು ಆಗ ತೆಲಂಗಾಣ ಸಾರಿಗೆ ಸಂಸ್ಥೆಯ ಮುಖ್ಯಸ್ಥರಾಗಿದ್ದ, ನಮ್ಮ ಹುಬ್ಬಳ್ಳಿಯ ವಿ.ಸಿ. ಸಜ್ಜನರ ಅವರು. ಜೂಜಿಗೆ ಯಾವ ಪದವಿ ಕೇಳುತ್ತೀರಿ? ಅಲ್ಲಿ ಕೇಳಬೇಕಾದ್ದು ‘ಇದನ್ನು ಹೇಳಲು ನಿಮಗೆ ಎಷ್ಟು ದುಡ್ಡು ಕೊಟ್ಟರು’ ಎಂದು.

ಆದ್ದರಿಂದ ನನ್ನ ಅಭಿಪ್ರಾಯ ಇದು. ಮಾಹಿತಿ ಹೇಳುವುದು ಬೇರೆ, ‘ನೀನು ಹೀಗೆ ಮಾಡು’ ಎನ್ನುವುದು ಬೇರೆ. ತನ್ನ ಅನುಭವ ಹೇಳಲು, ಪ್ರಶ್ನೆ ಕೇಳಲು, ಓದಿ ತಿಳಿದದ್ದನ್ನು ಹಂಚಿಕೊಳ್ಳಲು ಪದವಿ ಕೇಳಬಾರದು. ಕೇಳಿದರೆ ಮೊದಲು ಬಾಯಿ ಮುಚ್ಚಬೇಕಾದವರು ನಾವು ಗೃಹಿಣಿಯರೇ. ಆದರೆ ಮಾತ್ರೆ ಬಿಡಿ, ಈ ಔಷಧಿ ಇಷ್ಟು ತೆಗೆದುಕೊಳ್ಳಿ, ಈ ಷೇರು ಕೊಳ್ಳಿ ಎಂದು ಇನ್ನೊಬ್ಬರ ಮೈಗೂ ಕಿಸೆಗೂ ಕೈಹಾಕುವವರಿಗೆ ಅರ್ಹತೆಯೂ ನೋಂದಣಿಯೂ ಕಡ್ಡಾಯವಾಗಲೇಬೇಕು, ಆ ಸಂಖ್ಯೆ ವಿಡಿಯೊದ ಮೇಲೆಯೇ ಕಾಣಬೇಕು. ಪದವಿಗಿಂತ ನೋಂದಣಿ ಮುಖ್ಯ ಎಂದು ಏಕೆ ಹೇಳುತ್ತೇನೆಂದರೆ, ಒಮ್ಮೆ ಪಡೆದ ಪದವಿಯನ್ನು ಯಾರೂ ಸುಲಭವಾಗಿ ವಾಪಸು ಕೇಳುವುದಿಲ್ಲ. ನೋಂದಣಿಯನ್ನು ತಪ್ಪು ಮಾಡಿದರೆ ರದ್ದು ಮಾಡಬಹುದು. ನನ್ನ ಅಕ್ಕನಿಗಾದ ತೊಂದರೆಗೆ ಆ ಬಿಳಿ ಕೋಟಿನವರನ್ನು ಎಲ್ಲಿ ಹುಡುಕಲಿ? ಅವರಿಗೆ ವಿಳಾಸವಿಲ್ಲ, ಸಂಖ್ಯೆಯಿಲ್ಲ. ವಿಡಿಯೊ ಮಾತ್ರ ಈಗಲೂ ಓಡುತ್ತಿದೆ.

ಕಾನೂನು ಬರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಯಾವ ಕಾನೂನೂ ತಂಗಿಯಿಂದ ಅಕ್ಕನಿಗೆ ಹೋಗುವ ಫಾರ್ವರ್ಡನ್ನು ತಡೆಯಲಾರದು. ಹೇಳುವವರಿಗೆ ಬುದ್ಧಿ ಇಲ್ಲದಿದ್ದರೆ ಕೇಳುವವರಿಗಾದರೂ ಬುದ್ಧಿ ಬೇಡವೇ ಎಂಬ ಗಾದೆ ಇದೆಯಲ್ಲ, ಇನ್ನು ಮುಂದೆ ಕಳಿಸುವವರಿಗೂ ಬುದ್ಧಿ ಬೇಕು ಎಂದು ಸೇರಿಸಿಕೊಳ್ಳೋಣ. ಬ್ಯಾಂಕಿನಲ್ಲಿ ಎಷ್ಟೇ ಪರಿಚಯದವರ ಚೆಕ್ಕಾದರೂ ಸಹಿ ಹೋಲಿಸಿ ನೋಡದೆ ನಾನು ಒಂದು ದಿನವೂ ಹಣ ಕೊಟ್ಟವಳಲ್ಲ. ಫೋನು ಕೈಗೆ ಬಂದ ಮೇಲೆ ಆ ಅಭ್ಯಾಸ ಎಲ್ಲಿ ಹೋಯಿತೋ!

ಆದ್ದರಿಂದ ಒಂದು ಸಲಹೆ. ನಮ್ಮ ವೇದಿಕೆಯ ಗುಂಪಿನಲ್ಲಿ ಔಷಧಿ ಅಥವಾ ಹಣದ ವಿಡಿಯೊ ಹಾಕುವವರು ಜೊತೆಗೆ ಮೂರು ಸಾಲು ಬರೆಯಲಿ. ಹೇಳಿದವರು ಯಾರು, ಅವರ ನೋಂದಣಿ ಎಲ್ಲಿದೆ, ಇದನ್ನು ಹೇಳಿ ಅವರು ಏನನ್ನಾದರೂ ಮಾರುತ್ತಿದ್ದಾರೆಯೇ. ವೈದ್ಯರ ಹೆಸರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ, ಹೂಡಿಕೆ ಸಲಹೆಗಾರರ ಹೆಸರನ್ನು ಸೆಬಿಯ ಜಾಲತಾಣದಲ್ಲಿ ಹುಡುಕಬಹುದು. ಗೊತ್ತಾಗದಿದ್ದರೆ ಮಕ್ಕಳನ್ನು ಕೇಳಿ. ಈ ಮೂರು ಸಾಲು ಬರೆಯಲು ಆಗದಿದ್ದರೆ ಆ ವಿಡಿಯೊ ಕಳಿಸುವುದು ಬೇಡ.

ಮತ್ತೊಂದು ಬಿನ್ನಹ. ಅಕ್ಕನ ವಿಷಯ ತಿಳಿದ ದಿನ ಗುಂಪಿನಲ್ಲಿದ್ದ ಆ ವಿಡಿಯೊ ಅಳಿಸಲು ಹೋದೆ. ತಿಂಗಳುಗಳೇ ಕಳೆದಿದ್ದರಿಂದ ಎಲ್ಲರ ಫೋನಿನಿಂದ ಅಳಿಸಲು ಬರಲಿಲ್ಲ. ತಪ್ಪಾಯಿತು ಎಂದು ಬರೆಯೋಣವೆಂದರೆ ನಾಚಿಕೆ ಅಡ್ಡ ಬಂತು, ಸುಮ್ಮನಾದೆ. ಆ ಸುಮ್ಮನಿರುವಿಕೆ ಮೊದಲ ತಪ್ಪಿಗಿಂತ ದೊಡ್ಡದು ಎಂದು ಈಗ ಅನಿಸುತ್ತದೆ. ಅದನ್ನು ನಂಬಿ ನಿಮ್ಮಲ್ಲಿ ಯಾರಾದರೂ ಮಾತ್ರೆ ಬಿಟ್ಟಿದ್ದರೆ, ಅಥವಾ ನೀವು ಮುಂದೆ ಕಳಿಸಿದವರು ಬಿಟ್ಟಿದ್ದರೆ, ದಯವಿಟ್ಟು ನಾಳೆಯೇ ವೈದ್ಯರನ್ನು ಕಾಣಿರಿ. ಸಭೆಯಲ್ಲಿ ಹೇಳಲು ಸಂಕೋಚವಾದರೆ ಮುಗಿದ ಮೇಲೆ ನನಗೊಬ್ಬಳಿಗೇ ಹೇಳಿ, ನಾನು ಜೊತೆಗೆ ಬರುತ್ತೇನೆ.

ಅಕ್ಕ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಒಂದು ದಿನವೂ ನನ್ನನ್ನು ದೂರಿಲ್ಲ. ಆದರೆ ನಾನು ಏನು ಕಳಿಸಿದರೂ ಈಗ ಮೊದಲು ಕೇಳುತ್ತಾಳೆ, ‘ಇದು ಯಾರು ಹೇಳ್ಯಾರವ್ವಾ?’