ಬೀಟ್‌ರೂಟಿಗೆ ಹುಳಿ ಯಾಕೆ ಬೇಕು?

ಮಕ್ಕಳೇ, ಬೀಟ್‌ರೂಟ್ ಹೆಚ್ಚಿದವರ ಕೈ ನೋಡಿದ್ದೀರಾ? ಬೆರಳು, ಚಾಕು, ಮಣೆ ಎಲ್ಲವೂ ಕೆಂಪು ಕೆಂಪು. ಆದರೆ ಅದೇ ಗಡ್ಡೆಯನ್ನು ಹೆಚ್ಚುವ ಮೊದಲು ತಣ್ಣೀರಿನಲ್ಲಿ ತೊಳೆದಾಗ ಮಣ್ಣು ಮಾತ್ರ ಹೋಗುತ್ತದೆ, ನೀರು ಕೆಂಪಾಗುವುದಿಲ್ಲ. ಅಷ್ಟೊಂದು ಬಣ್ಣ ಎಲ್ಲಿ ಅಡಗಿತ್ತು?

ಗಡ್ಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿವೆ. ಒಂದೊಂದು ಕೋಶದೊಳಗೂ ನೀರು ತುಂಬಿದ ಬಲೂನಿನಂಥ ಚೀಲ ಇರುತ್ತದೆ. ಅದಕ್ಕೆ ರಸದಾನಿ ಎಂದು ಹೆಸರು. ಕೆಂಪು ಬಣ್ಣ ಅದರೊಳಗೆ ಕರಗಿರುತ್ತದೆ. ಚಾಕು ತಾಗಿದರೆ ಚೀಲ ಒಡೆದು ಬಣ್ಣ ಹೊರಗೆ ಹರಿಯುತ್ತದೆ. ಬೇಯಿಸಿದರೆ ಚೀಲದ ತೆಳುವಾದ ಪೊರೆ ಬಿಸಿಗೆ ಹಾಳಾಗುತ್ತದೆ, ಆಗಲೂ ಬಣ್ಣ ಸೋರುತ್ತದೆ.

ಈ ಬಣ್ಣ ಬೀಟಾನಿನ್. ಇದು ಬೀಟಾಲೇನ್ ಎಂಬ ಬಣ್ಣಗಳ ಗುಂಪಿಗೆ ಸೇರಿದ್ದು. ಕೆಂಪು ಹರಿವೆ ಸೊಪ್ಪು, ಬಸಳೆ ಹಣ್ಣು, ಬೇಲಿಯ ಮೇಲಿನ ಕಾಗದದ ಹೂವು, ಇವುಗಳಲ್ಲಿರುವುದೂ ಇದೇ ಗುಂಪಿನ ಬಣ್ಣಗಳು. ನೇರಳೆ ಹಣ್ಣಿನದು ಆಂಥೋಸಯನಿನ್ ಎಂಬ ಬೇರೆಯೇ ಗುಂಪು. ಈ ಎರಡೂ ಗುಂಪಿನ ಬಣ್ಣಗಳನ್ನು ಒಟ್ಟಿಗೆ ತಯಾರಿಸುವ ಗಿಡ ಪ್ರಕೃತಿಯಲ್ಲಿ ಸಿಕ್ಕಿಲ್ಲ.

ಈಗ ಮನೆಯ ದೊಡ್ಡವರನ್ನು ಕರೆದುಕೊಂಡು ಅಡುಗೆಮನೆಗೆ ಬನ್ನಿ, ಬೀಟ್‌ರೂಟ್ ಉಪ್ಪಿನಕಾಯಿ ಹಾಕೋಣ. ಅರ್ಧ ಕಿಲೊ ಗಡ್ಡೆ ಸಾಕು. ಸೊಪ್ಪು ತೆಗೆಯುವಾಗ ದಂಟನ್ನು ಎರಡು ಬೆರಳಿನಷ್ಟು ಉಳಿಸಿ. ಬಾಲದಂಥ ಬೇರನ್ನು ಕತ್ತರಿಸಬೇಡಿ, ಸಿಪ್ಪೆಯನ್ನೂ ತೆಗೆಯಬೇಡಿ. ಯಾಕೆಂದು ನಿಮಗೀಗ ಗೊತ್ತು: ಗಾಯವಾಗದ ಗಡ್ಡೆಯಿಂದ ಬಣ್ಣ ಕಡಿಮೆ ಸೋರುತ್ತದೆ. ಇಡಿಯಾಗಿಯೇ ಬೇಯಿಸಿ, ಆರಿದ ಮೇಲೆ ಉಜ್ಜಿದರೆ ಸಿಪ್ಪೆ ತಾನಾಗಿ ಜಾರಿ ಬರುತ್ತದೆ. ದಂಟು, ಬೇರು ತೆಗೆದು ಬಿಲ್ಲೆಗಳಾಗಿ ಹೆಚ್ಚಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ.

ಎರಡು ಲೋಟ ವಿನೆಗರ್, ಒಂದು ಲೋಟ ನೀರು, ಅರ್ಧ ಲೋಟ ಸಕ್ಕರೆ, ಒಂದು ಚಮಚ ಉಪ್ಪು, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಇಷ್ಟನ್ನೂ ದೊಡ್ಡವರು ಕುದಿಸಿ, ತುಸು ಆರಿಸಿ, ಬಿಲ್ಲೆಗಳು ಮುಳುಗುವಷ್ಟು ಸುರಿಯಲಿ. ಪೂರ್ತಿ ತಣಿದ ಮೇಲೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ದಿನ ಬಿಟ್ಟು ರುಚಿ ನೋಡಿ. ಒಣ ಚಮಚವನ್ನೇ ಬಳಸಿ, ಎರಡು ವಾರದೊಳಗೆ ತಿಂದು ಮುಗಿಸಿ.

ಮಾವಿನಕಾಯಿ ಉಪ್ಪಿನಕಾಯಿಗೆ ನಾವು ಇಷ್ಟೊಂದು ವಿನೆಗರ್ ಹಾಕುವುದಿಲ್ಲ. ಅದಕ್ಕೆ ತನ್ನದೇ ಹುಳಿ ಇದೆ, ಜೊತೆಗೆ ಉಪ್ಪೂ ಜಾಸ್ತಿ. ಬೀಟ್‌ರೂಟಿನಲ್ಲಿ ಹುಳಿ ಬಹಳ ಕಡಿಮೆ. ಹಾಗಾಗಿ ಹೊರಗಿನಿಂದ ಕೊಡಬೇಕು. ಆ ಹುಳಿ ಬಾಟಲಿಯೊಳಗೆ ಮೂರು ಕೆಲಸ ಮಾಡುತ್ತದೆ.

ಮೊದಲನೆಯದು ಕಾವಲು. ಮಣ್ಣಿನಲ್ಲಿ ಬೆಳೆದ ಗಡ್ಡೆಗೆ ಮಣ್ಣಿನ ಸೂಕ್ಷ್ಮಜೀವಿಗಳು ಅಂಟಿರುತ್ತವೆ. ಅವುಗಳಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ತುಂಬ ಅಪಾಯಕಾರಿ. ಗಾಳಿಯಿಲ್ಲದ ಕಡೆ ಬೆಳೆದು ವಿಷ ಉಂಟುಮಾಡುತ್ತದೆ. ಹುಳಿಯನ್ನು ಅಳೆಯಲು ಪಿಎಚ್ ಎಂಬ ಅಳತೆ ಇದೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.6ಕ್ಕಿಂತ ಕೆಳಗೆ ಈ ಜೀವಿ ಬೆಳೆಯಲಾರದು. ಅದಕ್ಕೇ ವಿನೆಗರ್ ಕಡಿಮೆ ಮಾಡಿ ನೀರು ಹೆಚ್ಚಿಸಬಾರದು.

ಎರಡನೆಯದು ವಾಸನೆಯ ಕೆಲಸ. ಬೀಟ್‌ರೂಟಿನ ಮಣ್ಣಿನ ವಾಸನೆಗೆ ಜಿಯೋಸ್ಮಿನ್ ಎಂಬ ವಸ್ತು ಕಾರಣ. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಘಮದಲ್ಲೂ ಅದೇ ಇದೆ. ಹುಳಿ ಸೇರಿದರೆ ಜಿಯೋಸ್ಮಿನ್ ವಾಸನೆಯಿಲ್ಲದ ವಸ್ತುವಾಗಿ ಬದಲಾಗುತ್ತದೆ. ಬೀಟ್‌ರೂಟ್ ಪಲ್ಯ ಬೇಡವೆನ್ನುವವರಿಗೂ ಈ ಉಪ್ಪಿನಕಾಯಿ ಹಿಡಿಸಬಹುದು.

ಮೂರನೆಯದು ಬಣ್ಣದ ರಕ್ಷಣೆ. ಇದನ್ನು ಕಣ್ಣಾರೆ ನೋಡಬಹುದು. ಬೀಟ್‌ರೂಟ್ ಬೇಯಿಸಿದ ನೀರನ್ನು ಎರಡು ಗಾಜಿನ ಲೋಟಗಳಿಗೆ ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿ: ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಇನ್ನೊಂದಕ್ಕೆ ದೊಡ್ಡವರು ಸುಣ್ಣದ ತಿಳಿನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಲಿ; ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ನೀವು ಮುಟ್ಟಬೇಡಿ. ಕೆಂಪು ಮಾಸುತ್ತಾ ಹೋಗಿ ಹಳದಿಗೆ ತಿರುಗುತ್ತದೆ. ಸುಣ್ಣ ಹುಳಿಗೆ ವಿರುದ್ಧ ಗುಣದ ಪ್ರತ್ಯಾಮ್ಲ, ಅದು ಬೀಟಾನಿನ್ ಅನ್ನು ಒಡೆದುಹಾಕುತ್ತದೆ.

ಆರತಿಗೆ ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುವುದನ್ನು ನೋಡಿದ್ದೀರಲ್ಲ? ಅಲ್ಲಿ ಹಳದಿ ಕೆಂಪಾಯಿತು, ಇಲ್ಲಿ ಕೆಂಪು ಹಳದಿಯಾಯಿತು! ಸುಣ್ಣ ಒಂದೇ, ಬಣ್ಣದ ವಸ್ತುಗಳು ಬೇರೆ. ಪ್ರಯೋಗದ ನೀರನ್ನು ಮಾತ್ರ ಯಾರೂ ಕುಡಿಯಬಾರದು, ಚೆಲ್ಲಿಬಿಡಿ.

ಉಪ್ಪಿನಕಾಯಿಯ ಬಿಲ್ಲೆಗಳನ್ನು ಮೊಸರನ್ನಕ್ಕೆ ನೆಂಚಿಕೊಳ್ಳಿ, ಇಲ್ಲವೇ ಸಣ್ಣಗೆ ಹೆಚ್ಚಿ ಮೊಸರಿಗೆ ಬೆರೆಸಿ. ಮೊಸರೂ ಹುಳಿಯೇ, ಹಾಗಾಗಿ ಚೆಂದದ ಗುಲಾಬಿ ಬಣ್ಣ ಬರುತ್ತದೆ. ಜಾಸ್ತಿ ತಿಂದ ಮರುದಿನ ಕೆಲವರಿಗೆ ಮೂತ್ರ ಕೆಂಪಗೆ ಹೋಗುವುದುಂಟು. ಅದು ಹೊಟ್ಟೆಯಲ್ಲಿ ಕರಗದೆ ಉಳಿದ ಬೀಟಾನಿನ್, ಹೆದರಬೇಕಿಲ್ಲ. ಬೀಟ್‌ರೂಟ್ ತಿನ್ನದೆ ಹಾಗಾದರೆ ಮಾತ್ರ ಕೂಡಲೇ ಮನೆಯವರಿಗೆ ಹೇಳಿ.