ಆಟದ ಅಂಗಳದಲ್ಲಿ ಉಮೇದುವಾರಿ

ನಮ್ಮ ಹಿರಿಯರ ಕಾಲದ ಕಚೇರಿಗಳಲ್ಲಿ ಉಮೇದುವಾರಿ ಎಂಬುದೊಂದು ಪದ್ಧತಿಯಿತ್ತು. ಓದು ಮುಗಿಸಿದ ತರುಣನು ಸಂಬಳವಿಲ್ಲದೆ ಗುಮಾಸ್ತರ ಮಗ್ಗುಲಲ್ಲಿ ಕುಳಿತು, ಕಡತ ಕಟ್ಟುವುದನ್ನೂ ಟಿಪ್ಪಣಿ ಬರೆಯುವುದನ್ನೂ ಕಲಿಯುತ್ತಿದ್ದನು. ಮುಂದೆ ಕೆಲಸ ದೊರೆತೀತೆಂಬ ಉಮೇದೇ ಅವನ ಸಂಪಾದನೆ. ಇಂದು ಇಂಟರ್ನ್‌ಶಿಪ್ ಎಂದು ಹೇಳುವುದು ಬಹುಮಟ್ಟಿಗೆ ಇದನ್ನೇ. ಅದು ಆಟದ ಅಂಗಳವನ್ನೂ ಹೊಕ್ಕಿದೆಯೆಂದು ನನಗೆ ತಿಳಿದುಬಂದದ್ದು ಶಿಷ್ಯನೊಬ್ಬನಿಂದ.

ನಾನು ಪಾಠ ಹೇಳಿದ ಕೊನೆಯ ವರ್ಷಗಳಲ್ಲಿ ಕನ್ನಡ ಎಂ.ಎ. ಮಾಡಿದವನು ಅವನು. ಒಂದು ದಿನ ಮನೆಗೆ ಬಂದು, "ಸಾರ್, ವೃತ್ತಿಪರ ಕಬಡ್ಡಿ ತಂಡವೊಂದರಲ್ಲಿ ಮೂರು ತಿಂಗಳು ಇಂಟರ್ನ್ ಆಗಿ ಸೇರುತ್ತಿದ್ದೇನೆ" ಎಂದ. ನನಗೆ ಸರಿತೋರಲಿಲ್ಲ. "ಹಳಗನ್ನಡ ಓದಿದವನಿಗೆ ಆಟಗಾರರ ಟವಲು ಎಣಿಸುವ ಕೆಲಸವೇನಪ್ಪಾ?" ಎಂದು ಕೇಳಿಯೂಬಿಟ್ಟೆ. ಅವನು ನಕ್ಕು ಸುಮ್ಮನಾದ. ಆ ಮಾತನ್ನು ಆಡಬಾರದಿತ್ತೆಂದು ಇಂದು ನನಗನ್ನಿಸುತ್ತದೆ.

ನನ್ನ ಬಾಲ್ಯದ ಕಬಡ್ಡಿಯೆಂದರೆ ಶಾಲೆಯ ಹಿಂದಿನ ಮಣ್ಣಿನ ಬಯಲು, ಕಾಲಿನಿಂದ ಎಳೆದ ಗೆರೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಅದು ದೀಪಗಳ ಬೆಳಕಿಗೆ ಬಂತು. 2019ರ ಜನವರಿಯಲ್ಲಿ ಬೆಂಗಳೂರಿನ ತಂಡ ಪ್ರಶಸ್ತಿ ಗೆದ್ದಾಗ ನಾವೆಲ್ಲ ಹಿಗ್ಗಿದೆವು. ಆದರೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಆ ಅಂಕಣದಲ್ಲಿ ಏಳೇಳು ಜನ 40 ನಿಮಿಷ ಆಡಬೇಕಾದರೆ ಹೊರಗೆ ಎಷ್ಟು ಜನ ದುಡಿಯುತ್ತಾರೆಂಬುದನ್ನು ನಾನು ಯೋಚಿಸಿರಲಿಲ್ಲ. ಆಟಗಾರರಾಗಿದ್ದ ನಮ್ಮ ನಾಡಿನ ಬಿ. ಸಿ. ರಮೇಶ್ ಅವರು ತರಬೇತುದಾರರಾಗಿ 2019ರಲ್ಲಿ ಬಂಗಾಳದ ತಂಡಕ್ಕೂ 2024ರಲ್ಲಿ ಪುಣೆಯ ತಂಡಕ್ಕೂ ಪ್ರಶಸ್ತಿ ತಂದುಕೊಟ್ಟರು. ಅಂಥವರ ಹೆಸರಾದರೂ ಪತ್ರಿಕೆಯಲ್ಲಿ ಬರುತ್ತದೆ. ಉಳಿದವರದು ಬರುವುದಿಲ್ಲ.

ಮೂರು ತಿಂಗಳ ತರುವಾಯ ಶಿಷ್ಯ ಮರಳಿ ಬಂದು ಹೇಳಿದ ಮೂರು ಸಂಗತಿಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಪಂದ್ಯದ ಚಿತ್ರೀಕರಣವನ್ನು ನೋಡಿ ಪ್ರತಿಯೊಂದು ದಾಳಿಯನ್ನೂ ದಾಖಲಿಸುವ ಕೆಲಸ. ಅಂಕ ಬಂದರೆ ಸಫಲ, ಬಾರದಿದ್ದರೆ ವಿಫಲ ಎಂದು ಅವನು ಬರೆದುಕೊಂಡು ಹೋದ. ತರಬೇತುದಾರರು ಪಟ್ಟಿಯನ್ನು ನೋಡಿ, ಒಂದು ದಾಳಿಯ ಮೇಲೆ ಬೆರಳಿಟ್ಟು, "ಆಗ ಎಷ್ಟು ನಿಮಿಷ ಉಳಿದಿತ್ತು? ಯಾರು ಮುಂದಿದ್ದರು?" ಎಂದು ಕೇಳಿದರು. ಒಂದು ದಾಳಿಗೆ 30 ಸೆಕೆಂಡು. ಸತತ ಎರಡು ದಾಳಿಗಳಲ್ಲಿ ಅಂಕ ಬಾರದಿದ್ದರೆ ಆ ತಂಡದ ಮೂರನೆಯ ದಾಳಿ ಮಾಡು ಇಲ್ಲವೇ ಮಡಿ. ಅಂಕ ತರದವನು ಔಟ್. ಆದರೆ ಮುಂದಿರುವ ತಂಡದ ದಾಳಿಗಾರನು ಕೊನೆಯ ನಿಮಿಷಗಳಲ್ಲಿ ಯಾರನ್ನೂ ಮುಟ್ಟದೆ ಹೊತ್ತು ಕಳೆದು ಹಿಂತಿರುಗುವುದೂ ಒಂದು ಕೌಶಲವೇ. ಅವನು ವಿಫಲವೆಂದು ಗುರುತು ಹಾಕಿದ್ದ ದಾಳಿ ಪಂದ್ಯವನ್ನು ಉಳಿಸಿಕೊಟ್ಟಿತ್ತು. "ಪದ್ಯವನ್ನು ಸಂದರ್ಭದಿಂದ ಕಿತ್ತು ಓದಬಾರದೆಂದು ತಾವು ಹೇಳುತ್ತಿದ್ದಿರಲ್ಲ ಸಾರ್, ಅದೇ ತಪ್ಪನ್ನು ಅಲ್ಲಿ ಮಾಡಿದೆ" ಎಂದ. ತರಗತಿಯಲ್ಲಿ ನಾನು ಹೇಳಿದ್ದು ಅವನಿಗೆ ಅಲ್ಲಿ ಅರ್ಥವಾಯಿತು.

ಎರಡನೆಯದು, ಪಂದ್ಯ ಮುಗಿದ ಕಾಲು ಗಂಟೆಯೊಳಗೆ ಪತ್ರಿಕೆಗಳಿಗೆ ಕನ್ನಡದಲ್ಲಿ ವರದಿ ಕಳುಹಿಸುವುದು. ಒಂದು ರಾತ್ರಿ ಅವಸರದಲ್ಲಿ, ಹಳ್ಳಿಯಿಂದ ಬಂದ ಹುಡುಗನೊಬ್ಬನು ಗಳಿಸಿದ ಅಂಕಗಳನ್ನು ಮತ್ತೊಬ್ಬನ ಹೆಸರಿಗೆ ಬರೆದುಬಿಟ್ಟ. ಬೆಳಗ್ಗೆ ಹಾಗೆಯೇ ಅಚ್ಚಾಯಿತು. ಹುಡುಗ ಸಿಟ್ಟಾಗಲಿಲ್ಲ. "ಅಣ್ಣಾ, ನಮ್ಮಪ್ಪ ಪೇಪರು ಕತ್ತರಿಸಿ ಇಟ್ಕೊತಾರೆ, ಅದಕ್ಕೇ ಕೇಳಿದೆ" ಎಂದನಂತೆ. ಪರೀಕ್ಷೆಯಲ್ಲಿ ತಪ್ಪು ಬರೆದರೆ ನಷ್ಟ ಬರೆದವನಿಗೆ. ಇಲ್ಲಿ ನಷ್ಟವಾದದ್ದು ಇನ್ನೊಬ್ಬನಿಗೆ. ಅಂದಿನಿಂದ ಅವನು ವರದಿಯನ್ನು ಎರಡು ಸಲ ಓದದೆ ಕಳುಹಿಸಲಿಲ್ಲ.

ಮೂರನೆಯದನ್ನು ಹೇಳುವಾಗ ಅವನ ದನಿ ತಗ್ಗಿತು. ಅದೇ ಹುಡುಗ ಅಭ್ಯಾಸದ ವೇಳೆ ಬಿದ್ದು, ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಇನ್ನೂ ಇಪ್ಪತ್ತೊಂದು ವಯಸ್ಸು. ತಂಡ ಮುಂದಿನ ಊರಿಗೆ ಹೊರಟಿತು. ಇವನನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಇಂಟರ್ನ್‌ಗೆ ಬಂತು. ವೈದ್ಯರಿಗಾಗಿ ಕಾಯುತ್ತ ಕುಳಿತಿದ್ದಾಗ ಆ ಹುಡುಗ, "ಅಣ್ಣಾ, ನೀವು ಎಂ.ಎ. ಅಂತೆ. ಪಿ.ಯು.ಸಿ. ಆಗಿದೆ ನಂಗೆ. ಈಗ ಬಿ.ಎ. ಓದಬಹುದಾ?" ಎಂದು ಕೇಳಿದ. ತನ್ನ ಪದವಿಗೆ ಕೆಲಸ ಸಿಗದೆಂದು ಅಷ್ಟು ದಿನ ಅದನ್ನೇ ಹಳಿದುಕೊಳ್ಳುತ್ತಿದ್ದ ನನ್ನ ಶಿಷ್ಯನಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಕಡೆಗೆ ಇಬ್ಬರೂ ಸೇರಿ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ತುಂಬಿದರು.

ಇಷ್ಟು ಕೇಳಿ ತರುಣರೆಲ್ಲರೂ ಕ್ರೀಡಾಸಂಸ್ಥೆಗಳ ಬಾಗಿಲಿಗೆ ಓಡಲಿ ಎಂದು ನಾನು ಹೇಳುವುದಿಲ್ಲ. ಹಳೆಯ ಉಮೇದುವಾರಿಯ ದೋಷ ಇದರಲ್ಲಿಯೂ ಇದೆ. ಕಲಿಸುವ ನೆಪದಲ್ಲಿ ಬಿಟ್ಟಿ ದುಡಿಸಿಕೊಳ್ಳುವವರು ಎಲ್ಲ ಕಡೆಯೂ ಇರುತ್ತಾರೆ. ಮನೆಯಲ್ಲಿ ಅನುಕೂಲವಿಲ್ಲದವನು ಮೂರು ತಿಂಗಳು ಪಟ್ಟಣದಲ್ಲಿ ಏನು ತಿಂದು ಬದುಕಬೇಕು? ಆದ್ದರಿಂದ ಸೇರುವ ಮೊದಲೇ ಕೆಲಸವೇನು, ಕಲಿಸುವವರು ಯಾರು, ಗೌರವಧನವೆಷ್ಟು, ಕೊನೆಯಲ್ಲಿ ಪ್ರಮಾಣಪತ್ರ ಉಂಟೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಾಗೆ ಕೇಳುವುದು ಉದ್ಧಟತನವಲ್ಲ.

ನನ್ನ ಶಿಷ್ಯನಿಗೆ ಆ ತಂಡದಲ್ಲಿ ಕೆಲಸ ಖಾಯಂ ಆಗಲಿಲ್ಲ. ಈಗ ಅವನು ಬೇರೆ ಕಡೆ ಅರ್ಜಿ ಹಾಕುತ್ತಿದ್ದಾನೆ. ಹೊರಡುವಾಗ ಆ ಹುಡುಗನಿಗೆಂದು ಕನ್ನಡ ಸಾಹಿತ್ಯ ಚರಿತ್ರೆಯ ಪುಸ್ತಕವೊಂದನ್ನು ಕೇಳಿದ. ನಾನು ಬಿ.ಎ. ಓದುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಮಾಡಿಕೊಂಡಿದ್ದ ಪ್ರತಿಯನ್ನೇ ಕಪಾಟಿನಿಂದ ತೆಗೆದು, ರಟ್ಟು ಹಾಕಿಸಿ, ಕೊಟ್ಟು ಕಳುಹಿಸಿದೆ.