ಚಾರಣಿಗರ ಒಲೆ: ಆಯ್ಕೆ ಮತ್ತು ಹೊಣೆ

(ಚಾರಣ ತಂಡಗಳ ಮುಂದಾಳುಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲ ಮುಗಿದು ಗದ್ದೆಗಳಲ್ಲಿ ಕೊಯ್ಲು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಗುಡ್ಡಗಳಿಗೆ ಚಾರಣಿಗರ ಆಗಮನವೂ ಆರಂಭವಾಗುತ್ತದೆ. ಮುಳ್ಳಯ್ಯನಗಿರಿ, ಕುದುರೆಮುಖ, ಕುಮಾರಪರ್ವತ, ತಡಿಯಂಡಮೋಳ್ ಮೊದಲಾದ ಶಿಖರಗಳ ಹೆಸರು ಇಂದು ನಗರದ ಯುವಜನರ ನಾಲಿಗೆಯ ಮೇಲಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ನೆರೆದ ಜನಜಂಗುಳಿ ರಾಜ್ಯದಾದ್ಯಂತ ಸುದ್ದಿಯಾಯಿತು. ಅದರ ಬೆನ್ನಿಗೇ ಮುಂಗಡ ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು. ಬರುವವರ ಸಂಖ್ಯೆಗೆ ಮಿತಿ ಹಾಕುವುದು ಆಡಳಿತದ ಕೆಲಸ. ಬಂದವರು ಏನನ್ನು ಹೊತ್ತು ತರುತ್ತಾರೆ, ಏನನ್ನು ಉರಿಸುತ್ತಾರೆ, ಏನನ್ನು ಬಿಟ್ಟುಹೋಗುತ್ತಾರೆ ಎಂಬುದು ತಂಡದ ಮುಂದಾಳುವಿನ ಹೊಣೆ. ಆ ಹೊಣೆಯ ಒಂದು ಭಾಗವಾದ ಒಲೆಯ ಆಯ್ಕೆಯೇ ಇಂದಿನ ವಿಷಯ.

ಒಲೆಯ ವಿಚಾರ ಪರಿಸರ ಚಳವಳಿಗೆ ಹೊಸತಲ್ಲ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಹುಟ್ಟಿದ ಅಪ್ಪಿಕೋ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂದು ಸಾರಿತು. ಬಳಕೆಯಲ್ಲಿ ಮಿತವ್ಯಯವಿಲ್ಲದಿದ್ದರೆ ಉಳಿಸಿದ್ದು ನಿಲ್ಲುವುದಿಲ್ಲ ಎಂಬ ಅರಿವಿನಿಂದಲೇ ಹಳ್ಳಿಗಳ ಅಡುಗೆಮನೆಗೆ ಸುಧಾರಿತ ಒಲೆಗಳು ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ‘ಅಸ್ತ್ರ ಒಲೆ’ ಅವುಗಳಲ್ಲಿ ಪ್ರಮುಖವಾದುದು. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತನೇ ಒಂದು ಭಾಗ ಮಾತ್ರ ಪಾತ್ರೆಗೆ ತಲುಪಿದರೆ, ಅಸ್ತ್ರ ಒಲೆಯಲ್ಲಿ ಅದರ ಮೂರು ಪಟ್ಟಾದರೂ ತಲುಪುತ್ತದೆ. ಹಳ್ಳಿಯ ಗೃಹಿಣಿ ಬಿಟ್ಟುಕೊಟ್ಟ ಮೂರು ಕಲ್ಲಿನ ಒಲೆಯನ್ನು ಇಂದು ನಗರದ ಚಾರಣಿಗರು ಗುಡ್ಡದ ತುದಿಯಲ್ಲಿ ಮತ್ತೆ ಹೂಡುತ್ತಿರುವುದು ವಿಪರ್ಯಾಸ.

ಒಣಕಟ್ಟಿಗೆ ವ್ಯರ್ಥ ವಸ್ತುವಲ್ಲ

‘ಬಿದ್ದ ಕಟ್ಟಿಗೆಯನ್ನಷ್ಟೇ ಉರಿಸಿದರೆ ಕಾಡಿಗೇನು ನಷ್ಟ?’ ಎಂಬ ಪ್ರಶ್ನೆ ಸಹಜ. ಶೋಲಾ ಕಾಡಿನಲ್ಲಿ ಬಿದ್ದ ಮರ ಗೆದ್ದಲು, ಅಣಬೆ, ದುಂಬಿ, ಸಹಸ್ರಪದಿಗಳ ಆಹಾರ ಹಾಗೂ ಆಶ್ರಯ. ಅದರ ಅಡಿಯ ತೇವದಲ್ಲಿ ಕಪ್ಪೆಗಳು ಬೇಸಗೆ ಕಳೆಯುತ್ತವೆ. ಭಾರೀ ಮಳೆಯಿಂದ ಪೋಷಕಾಂಶಗಳು ತೊಳೆದುಹೋಗುವ ಪಶ್ಚಿಮಘಟ್ಟದ ಮಣ್ಣಿಗೆ ದರಕು ಮತ್ತು ಕಳಿಯುವ ಕಟ್ಟಿಗೆಯೇ ಗೊಬ್ಬರದ ಮೂಲ. ಶಿಖರದ ಸಮೀಪದ ಶೋಲಾಗಳು ಕಣಿವೆಗಳಲ್ಲಿ ಅಡಗಿದ ಪುಟ್ಟ ತೋಪುಗಳು; ಅಲ್ಲಿನ ಮರಗಳ ಬೆಳವಣಿಗೆ ನಿಧಾನ. ವಾರಕ್ಕೆ ಹತ್ತು ತಂಡಗಳು ಅದೇ ತೋಪಿನಿಂದ ಕಟ್ಟಿಗೆ ಆರಿಸಿದರೆ ಒಣಗಿದ್ದು ಬೇಗ ತೀರುತ್ತದೆ. ಆಮೇಲೆ ಕತ್ತಿ ಹಸಿಮರದತ್ತ ತಿರುಗುತ್ತದೆ.

ಬೆಂಕಿ ಹಾಕಿದ ಜಾಗದ ಮಣ್ಣಿನ ಕತೆಯೂ ಗಂಭೀರವಾದುದು. ಮಣ್ಣಿನ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇರುಗಳೂ ಸೂಕ್ಷ್ಮಜೀವಿಗಳಲ್ಲಿ ಬಹುಪಾಲೂ ಸಾಯತೊಡಗುತ್ತವೆ. 200 ಡಿಗ್ರಿ ದಾಟಿದರೆ ಜೈವಿಕಾಂಶವೇ ಸುಟ್ಟುಹೋಗತೊಡಗುತ್ತದೆ. ಅಂಥ ಮಣ್ಣು ನೀರನ್ನು ಹೀರದೆ ಮೇಲೆಯೇ ಹರಿಯಬಿಡುತ್ತದೆ. ಮುಂಗಾರಿನ ಮೊದಲ ಮಳೆಗೆ ಅಲ್ಲಿಂದಲೇ ಕೊರಕಲು ಬೀಳಲು ಆರಂಭವಾಗಬಹುದು.

ಎಲ್ಲಕ್ಕಿಂತ ಮಿಗಿಲಾದುದು ಕಾಳ್ಗಿಚ್ಚಿನ ಭಯ. ಜನವರಿಯಿಂದ ಮಳೆ ಬೀಳುವವರೆಗೆ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣ ತಂಡಗಳು ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮನುಷ್ಯನ ಓಟಕ್ಕಿಂತ ವೇಗವಾಗಿ ಮೇಲೇರಬಲ್ಲದು. ಮರುವರ್ಷ, 2019ರ ಫೆಬ್ರವರಿಯಲ್ಲಿ, ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಿತು.

ಮೊದಲ ಪ್ರಶ್ನೆ: ಒಲೆ ಬೇಕೇ?

ಯಾವ ಒಲೆ ಎಂದು ಕೇಳುವ ಮುನ್ನ ಒಲೆ ಬೇಕೇ ಎಂದು ಕೇಳಿಕೊಳ್ಳಬೇಕು. ಅಭಯಾರಣ್ಯಕ್ಕೆ ಅಪಾಯವಾಗುವ ರೀತಿಯಲ್ಲಿ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೇ ಕಲಂ ನಿಷೇಧಿಸುತ್ತದೆ. ಪುಷ್ಪಗಿರಿ ಅಭಯಾರಣ್ಯವಾಗಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲಿ, ಚಾರಣದ ಅನುಮತಿಯ ಷರತ್ತುಗಳನ್ನು ಓದದೆ ಒಲೆಯನ್ನು ಚೀಲಕ್ಕೆ ಹಾಕುವುದು ಸಲ್ಲದು. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಚಾರಣಕ್ಕೆ ಒಲೆಯ ಅಗತ್ಯವೇ ಇಲ್ಲ. ಚಪಾತಿ, ಪುಳಿಯೋಗರೆ, ಅವಲಕ್ಕಿ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಚಹಾ — ಇಷ್ಟಿದ್ದರೆ ದಿನ ಕಳೆಯುತ್ತದೆ. ಒಲೆಯ ಪ್ರಶ್ನೆ ಹುಟ್ಟುವುದು ಅನುಮತಿಯುಳ್ಳ ಶಿಬಿರತಾಣದಲ್ಲಿ, ಖಾಸಗಿ ತೋಟಗಳಲ್ಲಿ ಅಥವಾ ಹಲವು ದಿನಗಳ ಹಿಮಾಲಯ ಚಾರಣದಲ್ಲಿ ಮಾತ್ರ.

ಒಲೆಗಳ ಬಗೆ

ಹಿರಿಯರಿಗೆ ನೆನಪಿರುವ ಪಂಪ್ ಸ್ಟೌವಿನ ಮೂಲ 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್. ಧ್ರುವಯಾತ್ರಿಗಳೂ ಪರ್ವತಾರೋಹಿಗಳೂ ದೀರ್ಘಕಾಲ ನೆಚ್ಚಿದ್ದು ಅದನ್ನೇ. ಕಡುಚಳಿಯಲ್ಲೂ ಉರಿಯುವುದು ಅದರ ಗುಣ. ತೂಕ, ಹೊತ್ತಿಸುವ ಮುನ್ನ ಕಾಯಿಸಬೇಕಾದ ತಾಪತ್ರಯ, ಸೀಮೆಎಣ್ಣೆಯ ವಾಸನೆ ಅದರ ದೋಷಗಳು. ಸ್ಪಿರಿಟ್ ಒಲೆ ಹಗುರ, ಸರಳ. ಆದರೆ ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳು. ಉರಿಯುತ್ತಿರುವುದು ತಿಳಿಯದೆ ಮತ್ತೆ ಸ್ಪಿರಿಟ್ ಸುರಿದರೆ ಅನಾಹುತ ಖಚಿತ. ಒಣಹುಲ್ಲಿನ ನಾಡಿಗೆ ಅದು ತಕ್ಕುದಲ್ಲ. ಘನ ಇಂಧನದ ಬಿಲ್ಲೆಗಳು ಒಬ್ಬರ ಚಹಾಕ್ಕೆ ಸಾಕು, ಅಡುಗೆಗೆ ಸಾಲವು. ಉರಿಯನ್ನು ಬೇಕಾದಂತೆ ತಗ್ಗಿಸಿ, ತಿರುಗಿಸಿದ ಕೂಡಲೇ ಆರಿಸಲು ಸಾಧ್ಯವಿರುವುದರಿಂದ ಅನಿಲ ಒಲೆಯೇ ಹೆಚ್ಚು ಸೂಕ್ತ.

ಅನಿಲ ಒಲೆಗಳಲ್ಲಿ ಮಾರುಕಟ್ಟೆಯಲ್ಲಿ ಕಾಣುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ತಲೆಯ ಮೇಲೆ ನೇರವಾಗಿ ಬರ್ನರ್ ಕೂರಿಸಿದ ಪುಟ್ಟ ಸಿಲಿಂಡರು. ಇದನ್ನು ಅನೇಕ ಕಡೆ ಬೀದಿಬದಿಯಲ್ಲಿ ಮನೆಬಳಕೆಯ ಸಿಲಿಂಡರಿನಿಂದ ತುಂಬಿಸಿಕೊಡುತ್ತಾರೆ. ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಹೀಗೆ ಅನಿಲ ವರ್ಗಾಯಿಸುವುದು ಕಾನೂನುಬಾಹಿರ. ಎಷ್ಟು ತುಂಬಿದೆ ಎಂಬ ಅಳತೆಯಿಲ್ಲ, ಕವಾಟದ ಪರೀಕ್ಷೆಯಿಲ್ಲ. ಅಗ್ಗವೆಂಬ ಕಾರಣಕ್ಕೆ ತಂಡಗಳು ಹೆಚ್ಚಾಗಿ ಒಯ್ಯುವುದು ಇದನ್ನೇ. ಮೊದಲು ಕೈಬಿಡಬೇಕಾದುದೂ ಇದನ್ನೇ.

ಎರಡನೆಯದು, ಸ್ಪ್ರೇ ಡಬ್ಬಿಯಂಥ ಉದ್ದ ಡಬ್ಬಿಯನ್ನು ಪಕ್ಕದಲ್ಲಿ ಅಡ್ಡಲಾಗಿ ಕೂರಿಸುವ ಚಪ್ಪಟೆ ಒಲೆ. ಪಾತ್ರೆ ಅಲುಗದೆ ನಿಲ್ಲುತ್ತದೆ. ವಾಹನ ತಲುಪುವ ಶಿಬಿರಕ್ಕೆ ಅನುಕೂಲ. ಮೂರನೆಯದು, ತಿರುಪು ಕವಾಟವಿರುವ ಗುಂಡು ಡಬ್ಬಿ ಮತ್ತು ಅದರ ಮೇಲೆ ತಿರುಗಿಸಿ ಕೂರಿಸುವ ಮಡಚುವ ಬರ್ನರ್. ಬರ್ನರಿನ ತೂಕ ನೂರು ಗ್ರಾಮಿನ ಆಸುಪಾಸು. 230 ಗ್ರಾಂ ಅನಿಲದ ಡಬ್ಬಿ, ಲೋಹವೂ ಸೇರಿ, ಸುಮಾರು 380 ಗ್ರಾಂ. ಬೆನ್ನ ಮೇಲೆ ಹೊರುವ ಚಾರಣಕ್ಕೆ ಇದೇ ತಕ್ಕುದು. ಹದಿನೈದು–ಇಪ್ಪತ್ತು ಜನರ ತಂಡವಾದರೆ ಪುಟ್ಟ ಡಬ್ಬಿಗಳ ರಾಶಿಗಿಂತ ಅಧಿಕೃತ ವಿತರಕರಿಂದ ಪಡೆದ 5 ಕಿಲೋ ಸಿಲಿಂಡರು, ಐಎಸ್‌ಐ ಗುರುತಿನ ರೆಗ್ಯುಲೇಟರ್ ಮತ್ತು ಕೊಳವೆಯೊಡನೆ ತಳಶಿಬಿರದಲ್ಲಿರುವುದು ಲೇಸು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ಬರೆದಿರುವ ಅಕ್ಷರ ಮತ್ತು ಅಂಕಿ ಮುಂದಿನ ಪರೀಕ್ಷೆಯ ಅವಧಿಯನ್ನು ಸೂಚಿಸುತ್ತವೆ. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಡಿ’ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅವಧಿ ಮೀರಿದ್ದನ್ನು ಸ್ವೀಕರಿಸಬಾರದು.

ಡಬ್ಬಿಯೊಳಗೆ ಏನಿದೆ?

ಕೊಳ್ಳುವವರು ಸಾಮಾನ್ಯವಾಗಿ ಓದದಿರುವುದು ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು. ಒಳಗಿರುವುದು ಬ್ಯೂಟೇನ್, ಐಸೋಬ್ಯೂಟೇನ್, ಪ್ರೊಪೇನ್ ಇವುಗಳಲ್ಲಿ ಒಂದು ಅಥವಾ ಮಿಶ್ರಣ. ದ್ರವವು ಅನಿಲವಾಗುವ ಉಷ್ಣತೆ ಬ್ಯೂಟೇನಿಗೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಐಸೋಬ್ಯೂಟೇನಿಗೆ ಸುಮಾರು 12 ಡಿಗ್ರಿ ಕೆಳಗೆ, ಪ್ರೊಪೇನಿಗೆ 42 ಡಿಗ್ರಿ ಕೆಳಗೆ. ಆದ್ದರಿಂದ ಹಿಮಾಲಯದ ಚಳಿಯಲ್ಲಿ ಬರೀ ಬ್ಯೂಟೇನ್ ಡಬ್ಬಿ ಕೈಕೊಡುತ್ತದೆ. ಐಸೋಬ್ಯೂಟೇನ್–ಪ್ರೊಪೇನ್ ಮಿಶ್ರಣವೇ ಬೇಕು. ಪ್ರೊಪೇನ್ ಹೆಚ್ಚಿದಷ್ಟೂ ಒತ್ತಡ ಹೆಚ್ಚುವುದರಿಂದ ತೆಳು ಡಬ್ಬಿಯಲ್ಲಿ ಅದರ ಪಾಲು ಮಿತವಾಗಿರುತ್ತದೆ. ಸಹ್ಯಾದ್ರಿಯ ಚಳಿಗೆ ಬ್ಯೂಟೇನ್ ಸಾಕು. ಆದರೂ ಉರಿಯುತ್ತಿದ್ದಂತೆ ದ್ರವ ತನ್ನ ಶಾಖವನ್ನೇ ಕಳೆದುಕೊಂಡು ತಣ್ಣಗಾಗುವುದರಿಂದ, ಚಳಿಯ ಮುಂಜಾವಿನಲ್ಲಿ ಜ್ವಾಲೆ ಸೊರಗುವುದುಂಟು. ರಾತ್ರಿ ಡಬ್ಬಿಯನ್ನು ಹೊದಿಕೆಯಲ್ಲಿ ಸುತ್ತಿಟ್ಟರೆ ಸಾಕು. ಬೆಂಕಿಗೆ ಹಿಡಿಯುವುದಾಗಲಿ ಬಿಸಿನೀರಿನಲ್ಲಿ ಇಡುವುದಾಗಲಿ ಕೂಡದು.

ಎಷ್ಟು ಅನಿಲ ಬೇಕೆಂಬುದು ಸರಳ ಲೆಕ್ಕ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಅನಿಲ ಸುಮಾರು 46 ಕಿಲೋಜೂಲ್ ಕೊಡುತ್ತದೆ. ಬಯಲಿನಲ್ಲಿ ಅರ್ಧದಷ್ಟು ಶಾಖ ಪಾತ್ರೆಗೆ ತಲುಪಿದರೂ ಲೀಟರಿಗೆ 15 ಗ್ರಾಂ ಸಾಕು. ನಾಲ್ವರ ಒಂದು ರಾತ್ರಿಯ ಚಹಾ, ಅನ್ನ, ಸಾರು, ಮರುದಿನದ ಉಪ್ಪಿಟ್ಟು ಎಲ್ಲ ಸೇರಿ ಎಂಟು ಲೀಟರ್ ಕುದಿಸಿದಂತಾದರೆ 120 ಗ್ರಾಂ. ಬೇಯುವ ಹೊತ್ತಿನ ಸಣ್ಣ ಉರಿಗೆ ಇನ್ನು ಐವತ್ತು ಗ್ರಾಂ. 230 ಗ್ರಾಂ ಡಬ್ಬಿಯೊಂದು ಧಾರಾಳವಾಗಿ ಸಾಕು. ಅದೇ ಎಂಟು ಲೀಟರಿಗೆ ಮೂರು ಕಲ್ಲಿನ ಒಲೆ ಒಂದೂವರೆ ಕಿಲೋಗಿಂತ ಹೆಚ್ಚು ಒಣಕಟ್ಟಿಗೆ ಬೇಡುತ್ತದೆ.

ಈ ಲೆಕ್ಕ ತಪ್ಪುವುದು ಗಾಳಿಯಿಂದ ಮತ್ತು ಅವಸರದಿಂದ. ಮೂರು ಕಿಲೋವಾಟಿನ ಬರ್ನರನ್ನು ಪೂರ್ತಿ ತೆರೆದಿಟ್ಟರೆ ಡಬ್ಬಿ ಒಂದೇ ಗಂಟೆಯಲ್ಲಿ ಬರಿದಾಗುತ್ತದೆ. ಮಧ್ಯಮ ಉರಿ, ಅಗಲ ತಳದ ಪಾತ್ರೆ, ಮುಚ್ಚಳ, ನೆನೆಸಿಟ್ಟ ಬೇಳೆ — ಇವು ಯಾವ ದುಬಾರಿ ಒಲೆಗಿಂತಲೂ ಹೆಚ್ಚು ಅನಿಲ ಉಳಿಸುತ್ತವೆ. ಎತ್ತರಕ್ಕೆ ಹೋದಂತೆ ನೀರಿನ ಕುದಿಬಿಂದು ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮುಳ್ಳಯ್ಯನಗಿರಿಯ ಎತ್ತರದಲ್ಲಿ ನೀರು 94 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, 3000 ಮೀಟರಿನಲ್ಲಿ 90ಕ್ಕೆ. ಹಿಮಾಲಯದಲ್ಲಿ ಕುಕ್ಕರಿಲ್ಲದೆ ಬೇಳೆ ಬೇಯದಿರುವುದು ಇದರಿಂದಲೇ.

ಅಪಾಯಗಳು

ಡೇರೆಯೊಳಗೆ ಒಲೆ ಹೊತ್ತಿಸಲೇಬಾರದು. ಗಾಳಿಯ ಕೊರತೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ, ಆಮೇಲೆ ಪ್ರಜ್ಞೆಯೇ ಇಲ್ಲ. ಚಳಿಗೆಂದು ಡೇರೆ ಮುಚ್ಚಿ ಒಲೆಯನ್ನೋ ಕೆಂಡವನ್ನೋ ಒಳಗಿಟ್ಟು ಮಲಗಿದವರು ಎಚ್ಚರಗೊಳ್ಳದೇ ಹೋಗಬಹುದು. ಸೋರಿದ ಅನಿಲ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಡಬ್ಬಿ ಜೋಡಿಸುವುದು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಆಗಬೇಕು. ಸೋರಿಕೆಯನ್ನು ಸೋಪಿನ ನೀರಿನಿಂದ ನೋಡಬೇಕೇ ಹೊರತು ಕಡ್ಡಿ ಗೀರಿ ಅಲ್ಲ. ಡಬ್ಬಿಯ ಮೇಲೆಯೇ ಕೂರುವ ಬರ್ನರಿನ ಸುತ್ತ ತಗಡಿನ ಗಾಳಿತಡೆಯನ್ನು ಪೂರ್ತಿ ಸುತ್ತಿದರೆ ಡಬ್ಬಿ ಕಾದು ಸಿಡಿಯಬಹುದು. ಡಬ್ಬಿ ಮುಟ್ಟಿದರೆ ಬಿಸಿ ಎನಿಸಿದ ಕೂಡಲೇ ಆರಿಸಬೇಕು. ಒಲೆ ಇಡುವುದು ಬರಿಬಂಡೆಯ ಮೇಲೆ, ಸುತ್ತ ಒಂದು ಮೀಟರ್ ಹುಲ್ಲು, ದರಕು ಇರಬಾರದು, ಪಕ್ಕದಲ್ಲಿ ನೀರಿರಬೇಕು.

ರೈಲಿನಲ್ಲಿ ಒಯ್ಯುವಂತಿಲ್ಲ, ವಿಮಾನದಲ್ಲಂತೂ ಇಲ್ಲವೇ ಇಲ್ಲ. 2023ರ ಆಗಸ್ಟ್ 26ರ ಮುಂಜಾನೆ ಮಧುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದರಲ್ಲಿ ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ ಒಂಬತ್ತು ಮಂದಿ ಸತ್ತರು. ಹಿಮಾಲಯಕ್ಕೆ ಹೋಗುವವರು ಬರ್ನರನ್ನು ಮಾತ್ರ ಒಯ್ದು, ಡಬ್ಬಿಯನ್ನು ಅಲ್ಲಿಯೇ ಕೊಳ್ಳತಕ್ಕದ್ದು.

ಖಾಲಿ ಡಬ್ಬಿ ತಿರುಗಿ ಚೀಲ ಸೇರಬೇಕು. ಅದನ್ನು ಮತ್ತೆ ತುಂಬಿಸಬಾರದು, ಬೆಂಕಿಗೆ ಎಸೆಯಬಾರದು. ಊರಿಗೆ ತಂದು, ಉಳಿದ ಅನಿಲವನ್ನು ಬಯಲಿನಲ್ಲಿ ಪೂರ್ತಿ ಉರಿಸಿ ಮುಗಿಸಿ, ಗುಜರಿಗೆ ಕೊಡಬೇಕು.

ಲೆಕ್ಕ ಪ್ರಾಮಾಣಿಕವಾಗಿರಲಿ

ಅನಿಲ ಒಲೆಯನ್ನು ‘ಪರಿಸರಸ್ನೇಹಿ’ ಎಂದು ಮಾರುವವರಿದ್ದಾರೆ. ಅನಿಲವೂ ಭೂಗರ್ಭದ ಇಂಧನವೇ. ಒಂದು ಡಬ್ಬಿ ಉರಿದರೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದರೆ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಕಾರಿನಲ್ಲಿ ಹೋಗಿಬರುವ ಸುಮಾರು 500 ಕಿಲೋಮೀಟರಿಗೆ, ಲೀಟರಿಗೆ 15 ಕಿಲೋಮೀಟರಿನಂತೆ ಹಿಡಿದರೂ, 75 ಕಿಲೋಗಿಂತ ಹೆಚ್ಚು ಹೊರಬೀಳುತ್ತದೆ; ಅಂದರೆ ನೂರು ಪಟ್ಟು. ಹವಾಮಾನದ ಚಿಂತೆಯಿರುವವರು ಮೊದಲು ಬಸ್ಸು ಹತ್ತಬೇಕು. ಅನಿಲ ಒಲೆಯ ಪ್ರಯೋಜನ ಸ್ಥಳೀಯವಾದುದು: ಆ ತೋಪಿನ ಕಟ್ಟಿಗೆ, ಆ ಬಂಡೆಯ ಬುಡದ ಮಣ್ಣು, ಆ ಇಳಿಜಾರಿನ ಹುಲ್ಲು ಉಳಿಯುತ್ತವೆ.

ಇನ್ನೊಂದು ಮಾತು. ಶಿಬಿರದ ಬೆಂಕಿ ಅಡುಗೆಗಷ್ಟೇ ಅಲ್ಲ. ಚಳಿ ಕಾಯಿಸಲು, ಸುತ್ತ ಕುಳಿತು ಹಾಡಲು. ಅನ್ನ ಬೆಂದ ಮೇಲೂ ನಡುರಾತ್ರಿಯವರೆಗೆ ಉರಿಯುವ ಆ ಬೆಂಕಿಯೇ ಹೆಚ್ಚು ಕಟ್ಟಿಗೆ ತಿನ್ನುವುದು. ಅದರ ಜಾಗವನ್ನು ಯಾವ ಒಲೆಯೂ ತುಂಬುವುದಿಲ್ಲ. ಹೆಚ್ಚಿನ ಕಂಬಳಿ ಹಾಗೂ ಉಣ್ಣೆಯ ಟೋಪಿ ತಂದು, ಬೆಂಕಿಯಿಲ್ಲದೆ ಕತ್ತಲಲ್ಲಿ ಕೂರುವ ಅಭ್ಯಾಸವನ್ನು ತಂಡಕ್ಕೆ ಮುಂದಾಳು ಕಲಿಸಬೇಕು. ದೀಪಗಳಿಲ್ಲದ ಗುಡ್ಡದ ರಾತ್ರಿಯಲ್ಲಿ ನಕ್ಷತ್ರಗಳು ಕಾಣುತ್ತವೆ, ಕಾಡಿನ ಸದ್ದುಗಳು ಕೇಳುತ್ತವೆ. ನಗರದಿಂದ ಬಂದವರಿಗೆ ಅಷ್ಟು ದೂರ ನಡೆದುಬಂದುದರ ಫಲ ಅದೇ ಅಲ್ಲವೇ?